ಬಲತೋಳಿನ ಚಕ್ರ

ತಿರುವಲ್ಲಿಕ್ಕೇಣಿ, ಮದರಾಸು
೧೭ ನವೆಂಬರ್ ೨೦೦೨, ಭಾನುವಾರ

ಪ್ರೀತಿಯ ಕರಿಯಮ್ಮ,

ಹೇಗಿದ್ದೀಯ? ನಿನ್ನ ಯಜಮಾನರ ಮಂಡಿನೋವು ಹೇಗಿದೆ? ನಾಗರಪಂಚಮಿಗೆ ನೀನು ಹಾಕಿದ ಪತ್ರಕ್ಕೆ ದೀಪಾವಳಿ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಈಗಲೇ ಬೈದುಬಿಡು, ಮುಂದೆ ಓದುವಾಗ ನಿನಗೆ ಪುರುಸೊತ್ತು ಸಿಗುವುದಿಲ್ಲ.

ನೀನು ಎರಡು ಪ್ರಶ್ನೆ ಕೇಳಿದ್ದೆ. ‘ಭುಜ ಹ್ಯಾಂಗೈತಿ? ಮದ್ರಾಸಿನ್ಯಾಗ ಯಾರನ್ನರ ನೋಡಿಕೊಂಡಿ ಏನ್?’ ಭುಜ ಹಾಗೇ ಇದೆ. ತಲೆ ಬಾಚುವಷ್ಟು ಏಳುತ್ತದೆ, ಅದಕ್ಕಿಂತ ಮೇಲಕ್ಕೆ ಏಳುವುದಿಲ್ಲ. ಎರಡನೆಯದನ್ನು ನೀನು ತಮಾಷೆಗೆ ಕೇಳಿದೆ. ತಮಾಷೆ ನಿಜವಾಗಿ ಕೂತಿದೆ, ಅದಕ್ಕೇ ಇಷ್ಟು ತಡ. ಏನು ಬರೆಯುವುದೆಂದು ತಿಳಿಯದೆ ಎರಡು ಇನ್‌ಲ್ಯಾಂಡ್ ಲೆಟರ್ ಹಾಳು ಮಾಡಿದೆ. ಈಗ ಎಲ್ಲಾ ಗೊತ್ತಾಗಿದೆ, ಬರೆಯಬಹುದು. ನಾನು ಮದುವೆಯಾಗುತ್ತಿದ್ದೇನೆ. ಡಿಸೆಂಬರ್ ಎಂಟು, ಭಾನುವಾರ. ನಗಬೇಡ. ನಕ್ಕರೂ ಪರವಾಗಿಲ್ಲ, ನಾನೇ ನಕ್ಕಿದ್ದೇನೆ.

ವರ ಮುರಳೀಧರ. ಹೌದು, ಅದೇ ಮುರಳೀಧರ. ಸಿಕಂದರಾಬಾದಿನ ಹಾಸ್ಟೆಲಿನಲ್ಲಿ ನಾನು ಯಾರ ಹೆಸರೆತ್ತಿ ಅತ್ತಾಗ ನೀನು ‘ಅಂವಾ ಹೋದ್ರ ಹೋಗ್ಲಿ ಬಿಡ, ಗುಂಡು ಐತೆಲ್ಲ ಕೈಯಾಗ’ ಎಂದು ಗದರಿಸಿದ್ದೆಯೋ ಅವನೇ. ನೀನು ಹಾಲಿಗೆ ಮೊಟ್ಟೆ ಒಡೆದು ಹಾಕಿ, ‘ಕುಡೀಲೇ ಕೌಸಿ, ದೇವರೇನ್ ಕ್ಯಾಂಪಿಗೆ ಬಂದಾನೇನ್’ ಎಂದು ಮೂಗು ಹಿಡಿದು ಕುಡಿಸುತ್ತಿದ್ದ ಕಾಲದ ಮಾತು ಅದು. ಕಥೆ ನಿನಗೆ ಗೊತ್ತು. ಆದರೂ ಇನ್ನೊಮ್ಮೆ ಬರೆಯುತ್ತೇನೆ, ನನಗೇ ಅದನ್ನೊಮ್ಮೆ ಬರೆದು ನೋಡಬೇಕು ಅನ್ನಿಸಿದೆ.

ನಮ್ಮ ಮನೆಯೂ ಅವನ ಮನೆಯೂ ಒಂದೇ ಬೀದಿಯಲ್ಲಿ. ಮಾಧ್ವರ ಮನೆಯ ಹುಡುಗಿ ಕಬ್ಬಿಣದ ಗುಂಡು ಎಸೆಯುತ್ತಾಳೆ ಎಂಬುದೇ ಆ ಬೀದಿಗೆ ಟಿಕೆಟ್ ಇಲ್ಲದ ಸಿನಿಮಾ. ಎಪ್ಪತ್ತನಾಲ್ಕರಲ್ಲಿ ನನಗೆ ಇಪ್ಪತ್ತೆರಡು. ಪೆರಂಬೂರಿನಲ್ಲಿ ರೈಲ್ವೆ ಕೆಲಸ, ಕ್ರೀಡಾ ಕೋಟಾದಲ್ಲಿ ಸಿಕ್ಕಿದ್ದು. ಸಂಜೆ ಮೆರೀನಾ ಪಕ್ಕದ ಮೈದಾನದಲ್ಲಿ ಅಭ್ಯಾಸ. ಮುರಳಿ ವಿಮಾ ಕಚೇರಿ ಬಿಟ್ಟವನು ನೇರ ಅಲ್ಲಿಗೆ ಬಂದು ನಾನು ಎಸೆದ ಗುಂಡನ್ನು ಎತ್ತಿ ತಂದು ಕೊಡುತ್ತಿದ್ದ. ನಾಲ್ಕು ಕಿಲೋ ಗುಂಡನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಒತ್ತಿಕೊಂಡು, ಅಂಗಿಯೆಲ್ಲ ಮರಳು ಮಾಡಿಕೊಂಡು ಬರುತ್ತಿದ್ದ. ಜಾತಕ ಕೂಡಿತು, ಎರಡೂ ಮನೆಯಲ್ಲಿ ಮಾತು ಶುರುವಾಯಿತು.

ಅಷ್ಟರಲ್ಲಿ ಪ್ರಥಮ ಏಕಾದಶಿ ಬಂತು. ನಮ್ಮಲ್ಲಿ ಆ ದಿನ ಮಠಕ್ಕೆ ಹೋಗಿ ಸ್ವಾಮಿಗಳಿಂದ ಮುದ್ರೆ ಹಾಕಿಸಿಕೊಳ್ಳಬೇಕು. ಹೋಮದ ಬೆಂಕಿಯಲ್ಲಿ ಕಾಯಿಸಿದ ಪುಟ್ಟ ಮುದ್ರೆಗಳು. ಬಲತೋಳಿಗೆ ಚಕ್ರ, ಎಡತೋಳಿಗೆ ಶಂಖ. ಚುರ್ ಅನ್ನುತ್ತದೆ, ನಾಲ್ಕು ದಿನ ಉರಿಯುತ್ತದೆ, ಆಮೇಲೆ ಹೊಪ್ಪಳೆ ಬಿದ್ದುಹೋಗುತ್ತದೆ. ಆ ವಾರವೇ ಅಂತರ ರೈಲ್ವೆ ಮೀಟ್. ಕೋಚ್ ಹರಿದಾಸ ಸಾರ್, ‘ಎಸೆಯೋ ಕೈಗೆ ಬೆಂಕಿ ಮುಟ್ಟಿಸಿದ್ಯೋ, ಟೀಮಿಂದ ತೆಗೆದುಬಿಡ್ತೇನೆ’ ಎಂದಿದ್ದರು. ನಾನು ಎಡತೋಳು ಚಾಚಿ ಶಂಖ ಹಾಕಿಸಿಕೊಂಡು, ಬಲತೋಳು ಕೊಡದೆ ಸಾಲಿನಿಂದ ಈಚೆ ಬಂದುಬಿಟ್ಟೆ. ನನ್ನ ಹಿಂದೆಯೇ ಮುರಳಿಯ ತಾಯಿ ಅಂಬುಜಮ್ಮ ಮಾಮಿ ನಿಂತಿದ್ದರು. ನೋಡಿದರು.

ಮೀಟಿನಲ್ಲಿ ನನಗೆ ಬೆಳ್ಳಿ ಬಂತು. ಪದಕ ತೋರಿಸೋಣವೆಂದು ಮೈದಾನಕ್ಕೆ ಹೋದರೆ ಮುರಳಿ ದೂರದಲ್ಲೇ ನಿಂತಿದ್ದ. ‘ಅಮ್ಮ ಒಪ್ಪೋಲ್ಲ ಕೌಸಲ್ಯಾ. ಬಲತೋಳಿಗೆ ಚಕ್ರ ಬೇಡ ಅಂದವಳು ನಮ್ಮ ಅಡಿಗೆಮನೆಗೆ ಬೇಡ ಅಂತಾರೆ. ನಾನೇನು ಮಾಡ್ಲಿ?’ ಎಂದ. ಏನೂ ಮಾಡಬೇಡ ಎಂದೆ. ಆಮೇಲೆ ವರ್ಗ ಕೇಳಿಕೊಂಡು ಸಿಕಂದರಾಬಾದಿಗೆ ಬಂದೆ, ನೀನು ಸಿಕ್ಕೆ. ಆ ಮುದುಕಿಯನ್ನು ನಾನು ಎಷ್ಟು ಬೈದಿದ್ದೇನೆ ಎಂಬುದಕ್ಕೆ ನೀನೇ ಸಾಕ್ಷಿ. ಆದರೆ ಸುಳ್ಳು ಯಾಕೆ ಹೇಳಲಿ, ಒಳಗೊಳಗೆ ಹೆಮ್ಮೆಯೂ ಇತ್ತು. ಆಟಕ್ಕಾಗಿ ಮದುವೆ ಬಿಟ್ಟವಳು ನಾನು ಎಂದು. ಹೊಸ ಹುಡುಗಿಯರು ಕ್ಯಾಂಪಿಗೆ ಬಂದು ಮನೆಯವರು ಬಿಡುವುದಿಲ್ಲ ಎಂದು ಅತ್ತರೆ ಇದೇ ಕಥೆ ಹೇಳಿ ಧೈರ್ಯ ತುಂಬುತ್ತಿದ್ದೆ. ನೀನು ಆ ಕಡೆ ಕೂತು ಕಣ್ಣು ಮಿಟುಕಿಸುತ್ತಿದ್ದೆ.

ಇದು ಹಳೆಯದಾಯಿತು. ಹೊಸದು ಕೇಳು. ಸ್ವಯಂ ನಿವೃತ್ತಿ ತಗೊಂಡು ಈ ಯುಗಾದಿಗೆ ಊರಿಗೆ ಬಂದೆನಲ್ಲ, ನನ್ನ ತಮ್ಮ ಬದರಿನಾಥ ಗಿಂಡಿಯ ತನ್ನ ಫ್ಲ್ಯಾಟಿಗೇ ಬಾ ಎಂದ. ನನಗೆ ತಿರುವಲ್ಲಿಕ್ಕೇಣಿಯೇ ಬೇಕಿತ್ತು. ಹಳೇ ಬೀದಿಯ ಮಗ್ಗುಲಲ್ಲಿ ಮಹಡಿಯ ಮೇಲೆ ಒಂದು ಕೋಣೆ, ಅಡಿಗೆಮನೆ. ನೀರಿನ ಲಾರಿ ಬಂದಾಗ ಕೆಳಗಿಳಿದು ಎಡಗೈಯಲ್ಲಿ ಒಂದು, ಸೊಂಟದಲ್ಲಿ ಒಂದು ಕೊಡ ಹಿಡಿದು ಮೆಟ್ಟಿಲು ಹತ್ತುತ್ತೇನೆ. ಕೆಳಗಿನ ಮನೆಯ ಹೆಂಗಸರು ‘ಅಮ್ಮಾಡೀ!’ ಎಂದು ದೃಷ್ಟಿ ಹಾಕುತ್ತಾರೆ.

ಜುಲೈನಲ್ಲಿ ಪ್ರಥಮ ಏಕಾದಶಿ ದಿನ ಮಠಕ್ಕೆ ಹೋದೆ. ಎಸೆಯುವ ಕೆಲಸ ಮುಗಿಸಿದ ತೋಳು, ಇನ್ನು ಸುಟ್ಟರೆ ಸುಡಲಿ ಎಂದು ಎರಡನ್ನೂ ಚಾಚಿದೆ. ಉಫ್ ಉಫ್ ಎಂದು ಊದಿಕೊಳ್ಳುತ್ತ ಹೊರಗೆ ಬಂದರೆ ಪಂಚೆ ಉಟ್ಟ ಬೋಳುತಲೆಯವರೊಬ್ಬರು ಎದುರು ನಿಂತು ತಾವೂ ತೋಳು ಊದಿಕೊಳ್ಳುತ್ತಿದ್ದಾರೆ.

‘ಕೌಸಲ್ಯಾ ತಾನೇ?’

‘ಹೌದು. ತಾವು?’

‘ಗುಂಡು ಎತ್ತಿ ಕೊಡ್ತಿದ್ದೆ’ ಎಂದ.

ಹಾಳಾದ್ದು, ನಗು ಬಂದುಬಿಟ್ಟಿತು. ಕೋಪ ಇಟ್ಟುಕೊಳ್ಳಬೇಕೆಂದು ಎಷ್ಟು ವರ್ಷದಿಂದ ತಯಾರಿ ಮಾಡಿಕೊಂಡಿದ್ದೆ! ಮಠದ ಮೆಟ್ಟಿಲ ಮೇಲೆ ಕೂತು ಮಾತಾಡಿದೆವು. ಹೆಂಡತಿ ತೀರಿಕೊಂಡು ಆರು ವರ್ಷವಾಯಿತಂತೆ. ಮಗಳು ತೃಪ್ತಿ ಮದುವೆಯಾಗಿ ಪುಣೆಯಲ್ಲಿದ್ದಾಳೆ. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದಿದ್ದಾರೆ. ಅವರನ್ನು ನೋಡಿಕೊಳ್ಳಲೆಂದೇ ಅವನೂ ಬೇಗ ನಿವೃತ್ತಿ ತಗೊಂಡ. ‘ಒಂದು ಸಲ ಬಂದು ನೋಡು, ಅಮ್ಮ ಸಂತೋಷಪಡ್ತಾರೆ’ ಎಂದ. ಆಹಾ, ಸಂತೋಷ! ಎರಡು ಮಾತು ಖಾರವಾಗಿ ಆಡಿ ಬರೋಣವೆಂದೇ ಮರುದಿನ ಹೋದೆ.

ಹೋದರೆ ಮಾಮಿ ಹಾಸಿಗೆಯ ಅಂಚಿನಲ್ಲಿ ಅರ್ಧ ಎದ್ದು ನರಳುತ್ತಿದ್ದಾರೆ. ಇವನು ನಡುವಿಗೆ ಬೆನ್ನುನೋವಿನ ಪಟ್ಟಿ ಕಟ್ಟಿಕೊಂಡು ಅವರ ಕೈ ಹಿಡಿದು ಜಗ್ಗುತ್ತಿದ್ದಾನೆ. ಇಬ್ಬರಲ್ಲಿ ಯಾರು ಮೊದಲು ಬೀಳುತ್ತಾರೋ ಅನ್ನಿಸಿತು. ‘ಏಯ್, ಸರಿ ಆ ಕಡೆ’ ಎಂದು ಅವನನ್ನು ಪಕ್ಕಕ್ಕೆ ತಳ್ಳಿ, ಎಡಗೈಯನ್ನು ಮಾಮಿಯ ಬೆನ್ನಿನ ಹಿಂದೆ ಹಾಕಿ, ಬಲಗೈಯನ್ನು ಮೊಣಕಾಲ ಕೆಳಗೆ ಕೊಟ್ಟು ಎತ್ತಿ ಕುರ್ಚಿಯಲ್ಲಿ ಕೂಡಿಸಿದೆ. ಒಗೆದ ಸೀರೆ ಎತ್ತಿದಷ್ಟೇ ಭಾರ. ಮಾಮಿ ನನ್ನ ಮುಖ ನೋಡಿ, ‘ಕೌಸಲ್ಯಾನಾ? ಎಷ್ಟು ಇಳಿದುಹೋಗಿದೀಯೇ’ ಎಂದರು. ಬೈಯಲು ಹೋದವಳು ಕಾಫಿ ಕುಡಿದು ಬಂದೆ.

ಆಮೇಲೆ ದಿನಾ ಹೋಗತೊಡಗಿದೆ. ಚಾತುರ್ಮಾಸ್ಯದ ಊಟ ನಿನಗೆ ಗೊತ್ತಿಲ್ಲ. ಮೊದಲ ತಿಂಗಳು ತರಕಾರಿ ಇಲ್ಲ, ಆಮೇಲೆ ಮೊಸರಿಲ್ಲ, ಅದಾದ ಮೇಲೆ ಹಾಲಿಲ್ಲ, ಕೊನೆಯ ತಿಂಗಳು ಬೇಳೆ ಇಲ್ಲ. ನಮ್ಮ ಪ್ರೀತಿ ನಡೆದದ್ದೆಲ್ಲ ಈ ಪಥ್ಯದೊಳಗೇ. ತರಕಾರಿ ಇಲ್ಲದ ತಿಂಗಳು ಮುಗಿದ ಮಾರನೆ ದಿನ ಮುರಳಿ ಬೆಳಗಾಗುವ ಮುಂಚೆ ಬಸ್ಸು ಹಿಡಿದು ಕೋಯಂಬೇಡು ಮಾರ್ಕೆಟ್ಟಿಗೆ ಹೋಗಿ, ಊರಿಗೆಲ್ಲ ಆಗುವಷ್ಟು ತರಕಾರಿ ತಂದ. ನನಗೆಂದು ಬೇರೆಯಾಗಿ ಒಂದು ಬೂದುಗುಂಬಳಕಾಯಿ. ಅದನ್ನು ನಮ್ಮ ಮನೆ ಬಾಗಿಲ ತನಕ ಹೊತ್ತು ತಂದವನಿಗೆ ಮೆಟ್ಟಿಲು ಹತ್ತಲಾಗಲಿಲ್ಲ. ಕೆಳಗೆ ನಿಂತು ‘ಕೌಸಲ್ಯಾ, ಬಂದು ತಗೊಂಡು ಹೋಗು, ನನ್ನ ಕೈಲಿ ಆಗೋಲ್ಲ’ ಎಂದು ಕೂಗಿದ. ಹೂವು ಕೊಡುವ ಗಂಡಸರನ್ನು ಕಂಡಿದ್ದೇನೆ, ಕುಂಬಳಕಾಯಿ ಕೊಟ್ಟವನು ಇವನೊಬ್ಬನೇ.

ಒಂದು ಬೆಳಿಗ್ಗೆ ಮೆರೀನಾ ಕಡೆ ನಡೆಯಲು ಹೋಗಿದ್ದೆವು. ನಮ್ಮ ಹಳೇ ಮೈದಾನದಲ್ಲಿ ಶಾಲೆಯ ಹುಡುಗಿಯರು ಗುಂಡು ಎಸೆಯುವುದು ಕಲಿಯುತ್ತಿದ್ದರು. ಮುರಳಿ ನನ್ನನ್ನು ಕೇಳದೆ ಅವರ ಹತ್ತಿರ ಹೋಗಿ, ಇವರು ಯಾರು ಗೊತ್ತಾ, ರೈಲ್ವೆ ಚಾಂಪಿಯನ್, ಇವರ ಗುಂಡು ಬಿದ್ದ ಕಡೆ ಹಳ್ಳ ಬೀಳ್ತಿತ್ತು ಎಂದು ತಮಿಳಿನಲ್ಲಿ ಭಾಷಣ ಶುರುಮಾಡಿದ. ಹುಡುಗಿಯರು ಸುತ್ತ ಮುತ್ತಿದರು. ಒಬ್ಬಳು ನನ್ನ ತೋಳು ಮುಟ್ಟಿ ನೋಡಿದಳು. ನನಗೆ ತುಂಬ ಸಂತೋಷವಾಯಿತು ಕರಿ. ನಮ್ಮಮ್ಮ ಸತ್ತ ಮೇಲೆ ನನ್ನ ಬಗ್ಗೆ ಯಾರೂ ಅಷ್ಟು ಜಂಬ ಪಟ್ಟಿರಲಿಲ್ಲ. ಮನೆಗೆ ಬಂದು, ಇವನು ಇನ್ನು ನನ್ನ ಜೊತೆಯಲ್ಲಿ ಇದ್ದರೆ ಚೆನ್ನ ಎಂದು ಮೊದಲ ಸಲ ಅಂದುಕೊಂಡೆ.

ಹಾಲಿಲ್ಲದ ತಿಂಗಳು ಬಂತು. ಮದರಾಸಿನವರಿಗೆ ಹಾಲಿಲ್ಲದ ಕಾಫಿ ಎಂದರೆ ಜೈಲುಶಿಕ್ಷೆ. ಇಬ್ಬರೂ ಮುಖ ಕಿವುಚಿಕೊಂಡು ಡಿಕಾಕ್ಷನ್ ಕುಡಿಯುತ್ತಿದ್ದೆವು. ಮುರಳಿ ಲೋಟ ಕೆಳಗಿಟ್ಟು, ‘ಕೌಸಲ್ಯಾ, ಕೇಳಬಹುದೋ ಕೂಡದೋ ಗೊತ್ತಿಲ್ಲ. ಇಲ್ಲೇ ಇದ್ದುಬಿಡ್ತೀಯಾ? ಮದುವೆ ಮಾಡ್ಕೊಂಡು?’ ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಮಾಮಿ, ‘ಕೌಸಲ್ಯಾ, ಸ್ವಲ್ಪ ಬಂದು ಎತ್ತಮ್ಮಾ’ ಎಂದು ಕೂಗಿದರು.

ಹೋಗಿ ಎತ್ತಿದೆ. ಮಗ್ಗುಲು ಬದಲಿಸಿ, ದಿಂಬು ಕೊಟ್ಟು ಬಂದೆ. ಬರುವ ಹೊತ್ತಿಗೆ ನನ್ನ ತಲೆಯೊಳಗೆ ಒಂದು ಹುಳ ಹೊಕ್ಕಿತ್ತು. ‘ಮುರಳಿ, ನೇರವಾಗಿ ಹೇಳು. ನಿನಗೆ ಬೇಕಾಗಿರೋದು ಹೆಂಡತಿಯೋ, ಅಮ್ಮನ್ನ ಎತ್ತೋವಳೋ?’ ಎಂದೆ. ಅವನು ಲೋಟ ನೋಡುತ್ತ ಕೂತ. ನಾನು ಚಪ್ಪಲಿ ಮೆಟ್ಟಿ ಬಂದುಬಿಟ್ಟೆ.

ಆಮೇಲೆ ಆ ಬೀದಿಯ ಕಡೆ ಹಾಯಲಿಲ್ಲ. ಅಂಗಡಿಗೂ ಸುತ್ತಿ ಹೋಗುತ್ತಿದ್ದೆ. ನಿನ್ನ ಹತ್ತಿರ ಮುಚ್ಚಿಡುವುದೇನಿದೆ, ನನಗೆ ಅವನು ಬೇಕಿತ್ತು. ಐವತ್ತು ತುಂಬಿದ ಮೇಲೆ ಒಬ್ಬ ಮನುಷ್ಯ ಬೇಕು ಅನ್ನಿಸುವುದರಲ್ಲಿ ನನಗೆ ನಾಚಿಕೆಯಿಲ್ಲ. ಆದರೆ ತಾಳಿ ಕಟ್ಟಿಸಿಕೊಂಡು ಹೊರೆ ಎತ್ತುವ ಕೂಲಿಗೆ ಹೋಗುವುದು ನನಗೆ ಆಗದು. ನನ್ನನ್ನು ನೋಡಿ ಕೇಳಿದನೋ, ನನ್ನ ಮೈಕಟ್ಟು ನೋಡಿ ಕೇಳಿದನೋ, ಅದು ಗೊತ್ತಾಗಬೇಕಿತ್ತು. ಊಟ ಸೇರುತ್ತಿರಲಿಲ್ಲ.

ವಿಜಯದಶಮಿ ಕಳೆದ ಮೇಲೆ ಅವನೇ ಮೆಟ್ಟಿಲು ಹತ್ತಿ ಬಂದ. ನೀರು ಕೂಡ ಕೇಳದೆ ನಿಂತೇ ಹೇಳಿದ. ‘ತಿರುವೊಟ್ಟಿಯೂರಿಂದ ಸೆಲ್ವಿ ಅಂತ ಒಬ್ಬಳನ್ನ ಗೊತ್ತು ಮಾಡಿದೇನೆ. ಆಸ್ಪತ್ರೇಲಿ ಆಯಾ ಆಗಿದ್ದವಳು. ಬೆಳಿಗ್ಗೆ ಬಂದು ಸಂಜೆ ಹೋಗ್ತಾಳೆ. ಮಡಿ ಕೆಟ್ಟುಹೋಯ್ತು ಅಂತ ಅಮ್ಮ ಎರಡು ಹೊತ್ತು ಊಟ ಬಿಟ್ಟರು. ಎತ್ತೋದು ಅವಳು, ಅಡಿಗೆ ನಾನು, ಬೇಕಾದರೆ ಉಣ್ಣು ಬೇಡದಿದ್ದರೆ ಬಿಡು ಅಂದೆ. ಈಗ ಅವಳಿಲ್ಲದಿದ್ದರೆ ಆಗೋಲ್ಲ ಅಂತಾರೆ. ಇನ್ನು ನೀನು ನಮ್ಮನೇಲಿ ಏನೂ ಎತ್ತಬೇಡ. ಈಗ ಕೇಳ್ತಿದೇನೆ, ಬರ್ತೀಯಾ?’

ಅಮ್ಮನ ಎದುರು ನಿಂತು ಮಾತಾಡಿದ್ದಾನೆ ಮುರಳಿ! ನನಗೆ ಕಣ್ಣು ತುಂಬಿತು. ಬರ್ತೇನೆ ಎಂದೆ. ಆಗ ನೀರು ಕೇಳಿದ.

ಬದರಿಗೆ ಫೋನು ಮಾಡಿ ಹೇಳಿದೆ. ‘ಅಕ್ಕಾ, ಈ ವಯಸ್ಸಿಗೆ ಇದೆಲ್ಲಾ ತೇವೆಯಾ, ಬೇಕಾ? ಆಫೀಸಲ್ಲಿ ಏನಂತ ಹೇಳ್ಲಿ?’ ಎಂದ. ಬೇಕೇಬೇಕು, ಅಕ್ಕನ ಮದುವೆ, ರಜ ಕೊಡಿ ಅಂತ ಹೇಳು ಎಂದೆ. ಅವನ ಮಗಳು ಮಧುರಾ ಫೋನು ಕಿತ್ತುಕೊಂಡು, ‘ಅತ್ತೈ, ಸೂಪರ್! ನಾನ್ ದಾನ್ ಮೇಕಪ್’ ಎಂದಳು, ಮೇಕಪ್ಪು ತಾನೇ ಮಾಡುತ್ತಾಳಂತೆ. ಆ ಹುಡುಗಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ತಮಿಳೇ ಬರುವುದು. ತೃಪ್ತಿಯೂ ಪುಣೆಯಿಂದ ಮಾತಾಡಿದಳು. ಅಪ್ಪ ಫೋನಿನಲ್ಲಿ ಈಗ ನಗುತ್ತಾರೆ, ಅಷ್ಟು ಸಾಕು ಎಂದಳು. ಒಳ್ಳೆಯ ಹುಡುಗಿ.

ಧನುರ್ಮಾಸಕ್ಕೆ ಮುಂಚೆ ಮುಗಿಯಬೇಕೆಂದು ಎಂಟನೇ ತಾರೀಖು ಗೊತ್ತು ಮಾಡಿದ್ದಾರೆ. ಮಠದಲ್ಲೇ, ಮನೆಯವರಷ್ಟೇ. ನನ್ನ ಮಂಡಿ ಪೂರ್ತಿ ಮಡಚುವುದಿಲ್ಲ, ಮಣೆಯ ಮೇಲೆ ಕೂರಲಾರೆ, ಕುರ್ಚಿ ಹಾಕಿ ಎಂದು ಪುರೋಹಿತರಿಗೆ ಹೇಳಿದೆ. ‘ಶಾಸ್ತ್ರದಲ್ಲಿ ಕುರ್ಚಿ ಇಲ್ಲಮ್ಮಾ’ ಎಂದರು. ಶಾಸ್ತ್ರದಲ್ಲಿ ಐವತ್ತರ ಮದುವಣಗಿತ್ತಿಯೂ ಇಲ್ಲ ಸ್ವಾಮಿ ಎಂದೆ. ಕುರ್ಚಿ ಬರುತ್ತದೆ. ನೀನು ಬರಲೇಬೇಕು. ನನ್ನ ಕಡೆಯಿಂದ ನಿಲ್ಲಲು ಅಕ್ಕತಂಗಿಯರಿಲ್ಲ. ಟಿಕೆಟ್ಟು ಈಗಲೇ ಮಾಡಿಸು, ಪೇಢೆ ತಾ, ಹೊಸ ಸೀರೆ ಉಟ್ಟುಕೊಂಡು ಬಾ. ಮೊಟ್ಟೆ ವಿಷಯ ಮಾಮಿಯ ಮುಂದೆ ಎತ್ತಿದರೆ ನೋಡು ಮತ್ತೆ!

ನಿನ್ನ ಮಕ್ಕಳಿಗೂ ಸೊಸೆಗೂ ನನ್ನ ಆಶೀರ್ವಾದ. ಹುಟ್ಟಲಿರುವ ಮೊಮ್ಮಗು ಹೆಣ್ಣಾಗಲಿ, ನಿನ್ನಂತೆ ಗಟ್ಟಿಯಾಗಲಿ. ಯಜಮಾನರಿಗೆ ನಮಸ್ಕಾರ ತಿಳಿಸು.

ಎಂದೂ ನಿನ್ನ,
ಕೌಸಿ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡೇ ಸಹಿ ಹಾಕಿದೆ. ಆದರೆ ಕವರಿಗೆ ಅಂಟು ಹಚ್ಚಲು ಮನಸ್ಸು ಬರುತ್ತಿಲ್ಲ.

ನಿನ್ನೆ ಉತ್ಥಾನ ದ್ವಾದಶಿ. ವ್ರತವೆಲ್ಲ ಮುಗಿದು ಹಬ್ಬದ ಅಡಿಗೆ ಮಾಡಿದ್ದರು, ನನ್ನನ್ನೂ ಕರೆದಿದ್ದರು. ಊಟವಾದ ಮೇಲೆ ಮುರಳಿ ಮಲಗಿದ್ದ, ನಾನು ಮಾಮಿಯ ತಲೆ ಬಾಚುತ್ತಿದ್ದೆ. ‘ಆವಾಗಲೇ ಈ ಮನೆಗೆ ಬಂದಿರಬೇಕಾಗಿತ್ತು ಕಣೇ ನೀನು’ ಎಂದರು. ನಾನು ನಗುತ್ತಲೇ, ‘ನೀವು ಬಿಟ್ಟಿದ್ದರೆ ಬರ್ತಿದ್ದೆ ಮಾಮಿ. ಚಕ್ರ ಹಾಕಿಸಿಕೊಳ್ಳದವಳು ಬೇಡ ಅಂದಿರಲ್ಲ’ ಎಂದೆ.

ಮಾಮಿ ಬಾಚಣಿಗೆ ಸಮೇತ ನನ್ನ ಕಡೆ ತಿರುಗಿದರು. ‘ನಾನಾ? ಯಾರು ಹೇಳಿದ್ದು? ಈ ವರ್ಷ ಇಲ್ಲದಿದ್ದರೆ ಮುಂದಿನ ವರ್ಷ ಹಾಕಿಸಿಕೊಳ್ತಾಳೆ, ಮಠ ಎಲ್ಲಿಗೆ ಓಡಿಹೋಗತ್ತೆ ಅಂತ ನಾನೇ ಅವನಿಗೆ ಹೇಳಿದೆ. ಅವನೇ ಅಲ್ಲವಾ ಬೇಡ ಅಂದದ್ದು? ಅವಳ ತೋಳು ನೋಡಿದೀಯಾಮ್ಮಾ, ಪಕ್ಕದಲ್ಲಿ ನಿಂತರೆ ನಾನೇ ಹೆಂಗಸಿನ ಹಾಗೆ ಕಾಣ್ತೇನೆ, ಆಫೀಸಲ್ಲೆಲ್ಲಾ ನಗ್ತಾರೆ ಅಂತ. ಹುಚ್ಚುಮುಂಡೇದು. ಈಗ ನೋಡು, ಅದೇ ತೋಳು ಬೇಕಾಯ್ತು!’ ಎಂದು ನಕ್ಕರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಾನು ಬಾಚಿ ಮುಗಿಸಿ ಗಂಟು ಹಾಕಿದೆ.

ಅವನನ್ನು ಕೇಳಿಲ್ಲ. ಕೇಳಿದರೆ ಹೌದು ಎನ್ನುತ್ತಾನೆ, ಅಳುತ್ತಾನೆ, ಆಮೇಲೆ ನಾನೇ ಸಮಾಧಾನ ಮಾಡಬೇಕು. ಮದುವೆಯನ್ನೂ ನಿಲ್ಲಿಸುವುದಿಲ್ಲ. ಈಗಿನವನು ಒಳ್ಳೆಯವನು, ಅದನ್ನು ನನ್ನ ಕಣ್ಣಾರೆ ಕಂಡಿದ್ದೇನೆ. ಆದರೆ ಆಟಕ್ಕಾಗಿ ನಾನು ಮದುವೆ ಬಿಟ್ಟೆ ಎಂದು ಇಷ್ಟು ವರ್ಷ ಹೇಳಿಕೊಂಡು ಬದುಕಿದೆನಲ್ಲ ಕರಿ. ನಾನು ಏನನ್ನೂ ಬಿಟ್ಟಿರಲಿಲ್ಲ. ನನ್ನನ್ನು ನೋಡಿ ನಾಚಿಕೊಂಡು ಅವನು ಬೇಡ ಎಂದಿದ್ದ, ಅಷ್ಟೇ.

ನಿನ್ನೆ ಸಂಜೆ ಅವನು ಮಲ್ಲಿಗೆ ತಗೊಂಡು ನನ್ನ ಕೋಣೆಗೆ ಬಂದ. ಆಗ ನೋಡಿಕೊಂಡರೆ ನಾನು ಸೆರಗು ಎಳೆದು ಬಲತೋಳು ಪೂರ್ತಿ ಮುಚ್ಚಿಕೊಂಡು ಕೂತಿದ್ದೇನೆ. ಸ್ಟೇಡಿಯಂ ತುಂಬ ಜನ ನೋಡುವಾಗಲೂ ಮುಚ್ಚಿಕೊಳ್ಳದ ತೋಳು. ‘ಯಾಕೆ, ಚಳಿಯಾ?’ ಎಂದ. ಮದರಾಸಿನಲ್ಲಿ ಚಳಿ ಎಲ್ಲಿಂದ ಬರಬೇಕು? ಹೂಂ ಎಂದೆ.

ನೀನು ನಾಲ್ಕು ದಿನ ಮೊದಲೇ ಬಾ.